ಉತ್ತರವಿದೆ, ಲೆಕ್ಕವಿಲ್ಲ: ನಮ್ಮ ಬೇಸಾಯ ಕೈಪಿಡಿಗಳ ಒಂದು ಓದು

ರೈತರಿಗಾಗಿ ಕೃಷಿ ವಿಶ್ವವಿದ್ಯಾನಿಲಯಗಳು, ಕೃಷಿ ಇಲಾಖೆ ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಹೊರತರುವ ಕೈಪಿಡಿ, ಮಡಿಕೆಪತ್ರ, ಭಿತ್ತಿಪತ್ರಗಳು ಅಸಂಖ್ಯ. ಕನ್ನಡದಲ್ಲಿ ಅಚ್ಚಾಗುವ ವಿಜ್ಞಾನ ಬರಹಗಳಲ್ಲಿ ಹಳ್ಳಿಯ ಮನೆಯ ಗೂಡಿನವರೆಗೂ ತಲುಪುವವು ಬಹುಶಃ ಇವು ಮಾತ್ರ. ಆದರೂ ವಿಜ್ಞಾನ ಸಾಹಿತ್ಯದ ಚರ್ಚೆಯಲ್ಲಿ ಇವಕ್ಕೆ ಸ್ಥಾನವಿಲ್ಲ. ಕಪ್ಪುಕುಳಿಯ ಬಗ್ಗೆ ಒಂದು ಪುಸ್ತಕ ಬಂದರೆ ಅದಕ್ಕೆ ವಿಮರ್ಶೆ ಬರೆಯುವವರಿದ್ದಾರೆ. ತೊಗರಿಯ ಕಾಯಿಕೊರಕದ ಹತೋಟಿಯ ಬಗ್ಗೆ ಬಂದ ನಾಲ್ಕು ಪುಟಗಳಿಗೆ ವಿಮರ್ಶೆ ಬರೆಯುವವರಿಲ್ಲ. ಕಪ್ಪುಕುಳಿಯ ವಿವರಣೆ ತುಸು ತಪ್ಪಿದರೆ ಓದುಗನಿಗೆ ಆಗುವ ನಷ್ಟ ಅಷ್ಟಕ್ಕಷ್ಟೆ. ಕಾಯಿಕೊರಕದ ವಿವರಣೆ ಅರೆಬರೆಯಾದರೆ ಒಂದು ವರ್ಷದ ಬೆಳೆ ಹೋಗಬಹುದು, ಕೆಲವೊಮ್ಮೆ ಜೀವವೂ ಹೋಗಬಹುದು.

ಭೌತವಿಜ್ಞಾನದ ಅಧ್ಯಾಪಕನಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಯಾವ ಹುಳುವಿಗೆ ಯಾವ ಕೀಟನಾಶಕ ಎಂಬುದು ಕೀಟವಿಜ್ಞಾನಿಗಳಿಗೆ ಬಿಟ್ಟ ವಿಷಯ. ಅದರಲ್ಲಿ ತಲೆಹಾಕುವ ಉದ್ದೇಶ ನನಗಿಲ್ಲ. ಆದರೆ ಈ ಬರಹಗಳ ತುಂಬ ಲೀಟರು, ಗ್ರಾಂ, ಹೆಕ್ಟೇರು, ದಿನ, ಸಾಂದ್ರತೆ ಎಂಬ ಅಳತೆಗಳೇ ತುಂಬಿವೆ. ಅಳತೆಯನ್ನು ಹೇಗೆ ಕಲಿಸಲಾಗಿದೆ ಎಂಬುದನ್ನು ಪರೀಕ್ಷಿಸುವ ಅಧಿಕಾರ ವಿಜ್ಞಾನ ಕಲಿಸುವ ಯಾರಿಗಾದರೂ ಇದೆ. ಈ ಲೇಖನದಲ್ಲಿ ಅಷ್ಟನ್ನು ಮಾತ್ರ ಮಾಡೋಣ.

ಮೊದಲು ಮೆಚ್ಚಬೇಕಾದದ್ದು

ಬೇಸಾಯ ಕ್ರಮಗಳ ಕೈಪಿಡಿಯೊಂದನ್ನು ತೆರೆದು ನೋಡಿ. ಪ್ರತಿ ಬೆಳೆಗೂ ಮಣ್ಣು, ಬಿತ್ತನೆಯ ಕಾಲ, ತಳಿ, ಬೀಜದ ಪ್ರಮಾಣ, ಸಾಲಿನ ಅಂತರ, ಗೊಬ್ಬರ, ಅಂತರ ಬೇಸಾಯ, ಕೀಟ, ರೋಗ, ಕೊಯ್ಲು ಹೀಗೆ ಕ್ರಮವಾಗಿ ವಿಷಯಗಳು ಬರುತ್ತವೆ. ಹತ್ತಾರು ವರ್ಷಗಳ ಕ್ಷೇತ್ರ ಪ್ರಯೋಗಗಳ ಫಲವನ್ನು ಒಂದೆರಡು ಪುಟಕ್ಕೆ ಇಳಿಸುವುದು ಸುಲಭದ ಮಾತಲ್ಲ. ಇನ್ನೊಂದು ಉಪಕಾರವನ್ನೂ ನೆನೆಯಬೇಕು. ಸಸ್ಯಹೇನು, ಜಿಗಿಹುಳು, ಪರಭಕ್ಷಕ, ಪರತಂತ್ರ ಜೀವಿ, ಮೋಹಕ ಬಲೆ, ಬೀಜೋಪಚಾರ ಮುಂತಾದ ಪದಗಳನ್ನು ಜನಬಳಕೆಗೆ ತಂದವು ಈ ಪುಸ್ತಿಕೆಗಳೇ. ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎನ್ನುವವರಿಗೆ ಇವನ್ನು ತೋರಿಸಬಹುದು.

ತಕರಾರು ಇರುವುದು ಬೇರೊಂದು ಕಡೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಲೆಕ್ಕದ ಉತ್ತರಗಳ ಪಟ್ಟಿಯನ್ನು ಮಾತ್ರ ಕೊಟ್ಟು ಲೆಕ್ಕ ಮಾಡುವ ವಿಧಾನ ಹೇಳದಿದ್ದರೆ ಹೇಗಿರುತ್ತದೋ ನಮ್ಮ ಕೈಪಿಡಿಗಳು ಬಹುಪಾಲು ಹಾಗಿವೆ. ಪ್ರಶ್ನೆ ತುಸು ಬದಲಾದರೆ ಉತ್ತರದ ಪಟ್ಟಿ ಕೆಲಸಕ್ಕೆ ಬಾರದು. ಹೊಲದಲ್ಲಿಯಂತೂ ಪ್ರಶ್ನೆ ಪ್ರತಿ ವರ್ಷ ಬದಲಾಗುತ್ತದೆ. ನಾಲ್ಕು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳೋಣ.

ಹೆಕ್ಟೇರು ಮತ್ತು ಚೀಲ

ಒಂದು ಬೆಳೆಗೆ ಹೆಕ್ಟೇರಿಗೆ 100 ಕಿಲೋಗ್ರಾಂ ಸಾರಜನಕ, 50 ಕಿಲೋಗ್ರಾಂ ರಂಜಕ ಕೊಡಬೇಕು ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಾರಜನಕ ಸಿಗುವುದಿಲ್ಲ. ಯೂರಿಯಾ ಸಿಗುತ್ತದೆ, ಡಿಎಪಿ ಸಿಗುತ್ತದೆ. ಹೊಲವನ್ನು ಹೆಕ್ಟೇರಿನಲ್ಲಿ ಎಣಿಸುವ ರೈತನಿಲ್ಲ. ಅವನದು ಎಕರೆ, ಗುಂಟೆ. ಆದ್ದರಿಂದ ಶಿಫಾರಸು ಹೊಲಕ್ಕೆ ಇಳಿಯಬೇಕಾದರೆ ನಾಲ್ಕು ಹೆಜ್ಜೆಯ ಲೆಕ್ಕ ಬೇಕು.

ಒಂದು ಹೆಕ್ಟೇರು ಎಂದರೆ 2.47 ಎಕರೆ. ಹಾಗಾಗಿ ಎಕರೆಗೆ ಬೇಕಾದದ್ದು ಸುಮಾರು 40.5 ಕಿಲೋಗ್ರಾಂ ಸಾರಜನಕ, 20.2 ಕಿಲೋಗ್ರಾಂ ರಂಜಕ. ಡಿಎಪಿಯಲ್ಲಿ ಶೇಕಡ 46 ರಂಜಕ, ಶೇಕಡ 18 ಸಾರಜನಕ ಇರುತ್ತದೆ. ರಂಜಕದ ಅಗತ್ಯ ಪೂರೈಸಲು 44 ಕಿಲೋಗ್ರಾಂ ಡಿಎಪಿ ಸಾಕು. ಅದರ ಜೊತೆಗೇ ಸುಮಾರು 8 ಕಿಲೋಗ್ರಾಂ ಸಾರಜನಕವೂ ಬಂದಿತು. ಉಳಿದ 32.5 ಕಿಲೋಗ್ರಾಂ ಸಾರಜನಕವನ್ನು ಶೇಕಡ 46 ಸಾರಜನಕವಿರುವ ಯೂರಿಯಾದಿಂದ ಕೊಡಲು ಸುಮಾರು 71 ಕಿಲೋಗ್ರಾಂ, ಅಂದರೆ 45 ಕಿಲೋಗ್ರಾಂ ತೂಕದ ಚೀಲದಲ್ಲಿ ಒಂದೂವರೆಗಿಂತ ತುಸು ಹೆಚ್ಚು ಬೇಕು.

ಲೆಕ್ಕ ಕಠಿಣವೇನಲ್ಲ, ಎಂಟನೆಯ ತರಗತಿಯ ಶೇಕಡಾ ಪಾಠ ಸಾಕು. ಆದರೆ ಕೈಪಿಡಿ ಅದನ್ನು ಮಾಡಿ ತೋರಿಸದಿದ್ದಾಗ ಆ ಕೆಲಸ ಗೊಬ್ಬರದಂಗಡಿಯ ಪಾಲಿಗೆ ಹೋಗುತ್ತದೆ. ಎಕರೆಗೆ ಎರಡು ಚೀಲ ಅದು, ಒಂದು ಚೀಲ ಇದು ಎಂಬ ರೂಢಿಯ ಮಾತು ಶಿಫಾರಸಿನ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಹೆಚ್ಚಾದ ಸಾರಜನಕ ಎಲೆಯನ್ನು ಹಚ್ಚಗೆ, ಮೆತ್ತಗೆ ಬೆಳೆಸಿ ರಸ ಹೀರುವ ಕೀಟಗಳಿಗೆ ಔತಣ ನೀಡುತ್ತದೆ. ಗೊಬ್ಬರದ ಪುಟದಲ್ಲಿ ತಪ್ಪಿದ ಲೆಕ್ಕ ಕೀಟದ ಪುಟದಲ್ಲಿ ಖರ್ಚಾಗಿ ಕಾಣಿಸಿಕೊಳ್ಳುವುದು ಹೀಗೆ. ಇವೆರಡನ್ನೂ ಜೋಡಿಸಿ ಹೇಳುವ ವಾಕ್ಯ ನಮ್ಮ ಮಡಿಕೆಪತ್ರಗಳಲ್ಲಿ ಅಪರೂಪ.

ಲೀಟರಿಗೆ ಎರಡು ಮಿಲಿಲೀಟರು

ಕೀಟಗಳ ಅಧ್ಯಾಯಕ್ಕೆ ಬನ್ನಿ. ಅಲ್ಲಿನ ಅತಿ ಪರಿಚಿತ ವಾಕ್ಯ ಇದು: ಇಂತಿಂಥ ಕೀಟನಾಶಕವನ್ನು ಪ್ರತಿ ಲೀಟರು ನೀರಿಗೆ 2 ಮಿಲಿಲೀಟರಿನಂತೆ ಬೆರೆಸಿ ಸಿಂಪರಿಸಬೇಕು. ಈ ವಾಕ್ಯ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಯೋಚಿಸಿ. ಅದು ದ್ರಾವಣದ ಸಾಂದ್ರತೆಯನ್ನು ಹೇಳುತ್ತದೆ. ಗಿಡದ ಮೇಲೆ ಬೀಳುವ ವಿಷ ಎಷ್ಟು ಎಂಬುದನ್ನು ಹೇಳುವುದಿಲ್ಲ. ಅದು ತಿಳಿಯಲು ಎಕರೆಗೆ ಎಷ್ಟು ಲೀಟರು ದ್ರಾವಣ ಹೋಯಿತು ಎಂದೂ ಗೊತ್ತಿರಬೇಕು. ಎಕರೆಗೆ 200 ಲೀಟರು ಎಂಬ ಗೃಹೀತವನ್ನು ಕೈಪಿಡಿ ಮುನ್ನುಡಿಯಲ್ಲೋ ಅನುಬಂಧದಲ್ಲೋ ಹೇಳಿದ್ದರೂ ಮಡಿಕೆಪತ್ರಕ್ಕೆ ಬರುವಷ್ಟರಲ್ಲಿ ಅದು ಬಿಟ್ಟುಹೋಗುತ್ತದೆ.

ಬೆನ್ನಿಗೆ ಕಟ್ಟುವ ಸ್ಪ್ರೇಯರಿನಿಂದ ಸಿಂಪರಿಸುವವರನ್ನು ಗಮನಿಸಿ. ನಳಿಕೆಯ ತುದಿಯ ನಾಜಲ್‌ನಿಂದ ನಿಮಿಷಕ್ಕೆ 0.6 ಲೀಟರು ಬರುತ್ತಿದೆ ಎಂದುಕೊಳ್ಳೋಣ. ಸಿಂಪರಿಸುವ ಪಟ್ಟಿಯ ಅಗಲ 1 ಮೀಟರು, ನಡೆಯುವ ವೇಗ ನಿಮಿಷಕ್ಕೆ 30 ಮೀಟರು. ಆಗ ಒಂದು ನಿಮಿಷದಲ್ಲಿ 30 ಚದರ ಮೀಟರಿಗೆ 0.6 ಲೀಟರು ಬೀಳುತ್ತದೆ. ಎಕರೆ ಎಂದರೆ 4047 ಚದರ ಮೀಟರು. ಒಟ್ಟು ಸುಮಾರು 81 ಲೀಟರು. ಅದೇ ವ್ಯಕ್ತಿ ಎರಡರಷ್ಟು ವೇಗವಾಗಿ ನಡೆದರೆ 40 ಲೀಟರು. ಸಾಂದ್ರತೆ ಲೀಟರಿಗೆ 2 ಮಿಲಿಲೀಟರೇ ಇದ್ದರೂ ಕೀಟನಾಶಕದ ಪ್ರಮಾಣ ಮೊದಲನೆಯ ಸಂದರ್ಭದಲ್ಲಿ ಎಕರೆಗೆ 162 ಮಿಲಿಲೀಟರು, ಎರಡನೆಯದರಲ್ಲಿ 81 ಮಿಲಿಲೀಟರು. ಪುಸ್ತಕದ ಮನಸ್ಸಿನಲ್ಲಿರುವುದು 400 ಮಿಲಿಲೀಟರು!

ಹುಳು ಸಾಯಲಿಲ್ಲ ಎಂದಾಗ ರೈತ ಏನೆಂದು ತಿಳಿಯುತ್ತಾನೆ? ಔಷಧಿ ಕಳಪೆ ಎಂದು. ಮುಂದಿನ ಸಲ ಲೀಟರಿಗೆ ನಾಲ್ಕು ಮಿಲಿಲೀಟರು ಹಾಕುತ್ತಾನೆ, ಇಲ್ಲವೆ ಎರಡು ಮೂರು ಬಗೆಯದನ್ನು ಒಟ್ಟಿಗೆ ಬೆರೆಸುತ್ತಾನೆ. ಸವೆದ ನಾಜಲ್ ಇದ್ದು ನಿಧಾನ ನಡೆದವನ ಹೊಲದಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ವಿಷ ಮಿತಿಮೀರುತ್ತದೆ. ಇಬ್ಬರೂ ಪುಸ್ತಕದ ಮಾತನ್ನು ಅಕ್ಷರಶಃ ಪಾಲಿಸಿದ್ದಾರೆ. ಕೊರತೆ ಇರುವುದು ಪುಸ್ತಕದಲ್ಲಿ.

ಹನಿಯ ಗಾತ್ರದ ಸಂಗತಿಯೂ ಹೀಗೆಯೇ. ಹನಿಯ ಗಾತ್ರಫಲ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 400 ಮೈಕ್ರೋಮೀಟರು ವ್ಯಾಸದ ಒಂದು ಹನಿಯಲ್ಲಿರುವ ದ್ರಾವಣದಿಂದ 100 ಮೈಕ್ರೋಮೀಟರಿನ 64 ಹನಿಗಳಾಗುತ್ತವೆ. ಎಲೆಯ ಮೇಲೆ ಹರಡಲು ಸಣ್ಣ ಹನಿ ಒಳ್ಳೆಯದು. ಹಾಗೆಂದು ತೀರ ಸಣ್ಣದಾದರೆ ಗಾಳಿ ಅದನ್ನು ಹೊತ್ತೊಯ್ಯುತ್ತದೆ. 200 ಮೈಕ್ರೋಮೀಟರಿನ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 70 ಸೆಂಟಿಮೀಟರು ವೇಗದಲ್ಲಿ ಇಳಿಯುತ್ತದೆ. 20 ಮೈಕ್ರೋಮೀಟರಿನದು ಸೆಕೆಂಡಿಗೆ ಕೇವಲ 1.2 ಸೆಂಟಿಮೀಟರು. ಸೆಕೆಂಡಿಗೆ 2 ಮೀಟರು ಬೀಸುವ ಮಂದ ಗಾಳಿಯಲ್ಲಿ ಒಂದು ಮೀಟರು ಎತ್ತರದಿಂದ ಬಿಟ್ಟರೆ ಮೊದಲನೆಯದು ಸುಮಾರು 3 ಮೀಟರು ಆಚೆ ಬೀಳುತ್ತದೆ. ಎರಡನೆಯದು ಆವಿಯಾಗದೆ ಉಳಿದರೂ 160 ಮೀಟರು ದಾಟಿರುತ್ತದೆ. ನೀರು ಆವಿಯಾದರೆ ಉಳಿಯುವ ವಿಷದ ಕಣ ಇನ್ನೂ ಹಗುರ, ಇನ್ನೂ ದೂರ. ಅದು ಪಕ್ಕದ ಹೊಲಕ್ಕೆ, ಕೆರೆಗೆ, ಸಿಂಪರಿಸುವವನ ಶ್ವಾಸಕೋಶಕ್ಕೆ ಹೋಗುತ್ತದೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪರಿಸುವಾಗ ವಿಷಬಾಧೆಗೊಳಗಾಗಿ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಸತ್ತರು; ನೂರಾರು ಮಂದಿ ಆಸ್ಪತ್ರೆ ಸೇರಿದರು. ಕೈಗವಸು, ಮುಖಗವಸು ಧರಿಸಬೇಕು ಎಂಬ ಎಚ್ಚರಿಕೆ ಎಲ್ಲ ಕೈಪಿಡಿಗಳಲ್ಲೂ ಇದೆ. ಆದರೆ ಗಿಡ ಎದೆಯೆತ್ತರಕ್ಕಿಂತ ಮೇಲೆ ಬೆಳೆದಾಗ ನಾಜಲ್ ತಲೆಯ ಮೇಲಕ್ಕೆ ಹೋಗುತ್ತದೆ, ಆಗ ಮಂಜು ನಮ್ಮ ಮೇಲೆಯೇ ಇಳಿಯುತ್ತದೆ ಎಂದು ಕಾರಣ ಸಹಿತ ಹೇಳಿದ್ದು ಎಲ್ಲಿದೆ? ಗಾಳಿಗೆ ಅಡ್ಡಲಾಗಿ ಸಾಲು ಹಿಡಿದು, ಗಾಳಿ ಹೊರಹೋಗುವ ಅಂಚಿನಿಂದ ಆರಂಭಿಸಿ, ಗಾಳಿ ಬರುವ ದಿಕ್ಕಿಗೆ ಸಾಲುಸಾಲಾಗಿ ಸರಿದರೆ ಸಿಂಪರಿಸಿದ ಭಾಗ ಸದಾ ಬೆನ್ನ ಹಿಂದೆ ಉಳಿಯುತ್ತದೆ. ಒಂದು ಚಿತ್ರ ಸಾಕು, ಇದನ್ನು ಹೇಳಲು. ಆ ಚಿತ್ರದ ಜಾಗದಲ್ಲಿ ಬಹಳ ಸಲ ಉದ್ಘಾಟನೆಯ ಛಾಯಾಚಿತ್ರವಿರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ಎಣ್ಣೆ ಹೊಡೆಯುವುದು, ದಕ್ಷಿಣದಲ್ಲಿ ಔಷಧಿ ಹೊಡೆಯುವುದು ಎಂಬುದು ಜನರ ಮಾತು. ಜನ ಹಾಗೆ ಅಂದರೆ ಅಡ್ಡಿಯಿಲ್ಲ. ವಿಜ್ಞಾನ ಸಂಸ್ಥೆಯ ಬರಹವೂ ಅದನ್ನು ಔಷಧಿ ಎಂದೇ ಕರೆಯುವುದು ಸರಿಯಲ್ಲ. ಔಷಧಿ ಎಂದ ಕೂಡಲೇ ತುಸು ಹೆಚ್ಚು ಕೊಟ್ಟರೆ ಬೇಗ ಗುಣವಾದೀತು ಎಂಬ ಭಾವನೆ ಬರುತ್ತದೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯನ್ನು ಇಳಿಯುವ ಕ್ರಮದಲ್ಲಿ ಹೇಳುತ್ತವೆ. ದೇಹತೂಕದ ಕಿಲೋಗ್ರಾಮಿಗೆ 50 ಮಿಲಿಗ್ರಾಂವರೆಗಿನ ಸೇವನೆಯೇ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವುದಾದರೆ ಕೆಂಪು. 5000 ಮಿಲಿಗ್ರಾಂ ಮೀರಿದರೆ ಹಸಿರು. ಕೆಂಪಿಗೂ ಹಸಿರಿಗೂ ನಡುವೆ ನೂರು ಪಟ್ಟು ಅಂತರವಿದೆ ಎಂಬ ಸರಳ ಸತ್ಯವನ್ನು ಎಷ್ಟು ಮಂದಿಗೆ ಹೇಳಿದ್ದೇವೆ?

ಗಿಡಕ್ಕೆ ಒಂದು ಹುಳು

ಯಾವಾಗ ಸಿಂಪರಿಸಬೇಕು ಎಂಬುದು ಮೂರನೆಯ ಪ್ರಶ್ನೆ. 1959ರಲ್ಲಿ ಕ್ಯಾಲಿಫೋರ್ನಿಯದ ವರ್ನನ್ ಸ್ಟರ್ನ್ ಮತ್ತು ಸಂಗಡಿಗರು ಆರ್ಥಿಕ ನಷ್ಟದ ಮಿತಿ ಎಂಬ ಕಲ್ಪನೆಯನ್ನು ಮುಂದಿಟ್ಟರು. ಹೊಲದಲ್ಲಿ ಹುಳು ಇದೆ ಎಂಬುದೇ ಸಿಂಪರಣೆಗೆ ಕಾರಣವಾಗಬಾರದು. ಅದು ಮಾಡುವ ನಷ್ಟ ಸಿಂಪರಣೆಯ ಖರ್ಚನ್ನು ಮೀರುವಂತಿದ್ದರೆ ಮಾತ್ರ ಸಿಂಪರಿಸಬೇಕು. ಪೀಡೆ ನಿರ್ವಹಣೆಯ ಇಡೀ ಶಾಸ್ತ್ರ ನಿಂತಿರುವುದು ಈ ತಳಹದಿಯ ಮೇಲೆ. ನಮ್ಮ ಕೈಪಿಡಿಗಳೂ ಇದನ್ನು ಒಪ್ಪಿವೆ. ತೊಗರಿಯಲ್ಲಿ ಗಿಡಕ್ಕೆ ಒಂದು ಹುಳು ಕಂಡಾಗ ಕ್ರಮ ಕೈಗೊಳ್ಳಿ ಎಂಬಂತಹ ವಾಕ್ಯಗಳು ಬಂದದ್ದು ಇದರಿಂದಲೇ.

ಆದರೆ ಆ ಒಂದು ಎಂಬ ಸಂಖ್ಯೆ ಬೆಳಕಿನ ವೇಗದಂತೆ ನಿಸರ್ಗದ ಸ್ಥಿರಾಂಕವಲ್ಲ. ಅದು ಹೇಗೆ ಬಂತು ಎಂದು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿನ ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಒಂದು ಸಿಂಪರಣೆಗೆ ಕೂಲಿ ಸೇರಿ ಎಕರೆಗೆ 900 ರೂಪಾಯಿ, ತೊಗರಿಗೆ ಕಿಲೋಗ್ರಾಮಿಗೆ 75 ರೂಪಾಯಿ ಇರಲಿ. ಖರ್ಚು ಹುಟ್ಟಬೇಕಾದರೆ ಸಿಂಪರಣೆ ಕನಿಷ್ಠ 12 ಕಿಲೋಗ್ರಾಂ ತೊಗರಿಯನ್ನು ಉಳಿಸಬೇಕು. ಸಿಂಪರಣೆಯಿಂದ ತಪ್ಪುವುದು ನಷ್ಟದ ಶೇಕಡ 80 ಭಾಗ ಮಾತ್ರ ಎಂದಾದರೆ, ಸಿಂಪರಿಸದಿದ್ದಾಗ ಆಗುವ ನಷ್ಟ 15 ಕಿಲೋಗ್ರಾಮನ್ನು ಮೀರುವಂತಿರಬೇಕು. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರು ಬಿಟ್ಟರೆ ಎಕರೆಗೆ ಸುಮಾರು 15,000 ಗಿಡ. ಅಂದರೆ ಗಿಡವೊಂದಕ್ಕೆ 1 ಗ್ರಾಂ, ಸುಮಾರು ಹತ್ತು ಕಾಳು, ಮೂರು ಕಾಯಿ.

ಈಗ ಪ್ರಶ್ನೆ ರೈತನಿಗೆ ಅರ್ಥವಾಗುವ ರೂಪಕ್ಕೆ ಬಂತು: ಈಗಿರುವ ಹುಳುಗಳು ಗಿಡಕ್ಕೆ ಸರಾಸರಿ ಮೂರಕ್ಕಿಂತ ಹೆಚ್ಚು ಕಾಯಿ ತಿನ್ನುತ್ತವೆಯೆ? ತೊಗರಿಯ ಬೆಲೆ ಅರ್ಧಕ್ಕಿಳಿದರೆ ಮಿತಿ ಮೂರರಿಂದ ಆರು ಕಾಯಿಗೆ ಏರುತ್ತದೆ. ಸಿಂಪರಣೆಯ ಖರ್ಚು ಹೆಚ್ಚಿದರೂ ಮಿತಿ ಏರುತ್ತದೆ. ಗಿಡ ಇನ್ನೂ ಹೂ ಬಿಡುವ ಹಂತದಲ್ಲಿದ್ದು ಕಳೆದುಕೊಂಡದ್ದನ್ನು ತುಂಬಿಕೊಳ್ಳುವ ಶಕ್ತಿ ಅದಕ್ಕಿದ್ದರೆ ಮತ್ತಷ್ಟು ಏರುತ್ತದೆ. ಇಷ್ಟನ್ನು ವಿವರಿಸದೆ ಗಿಡಕ್ಕೆ ಒಂದು ಎಂದಷ್ಟೇ ಮುದ್ರಿಸಿದರೆ, ಬದುವಿನ ಪಕ್ಕದ ಎರಡು ಗಿಡ ಬಗ್ಗಿಸಿ ನೋಡಿ ಒಂದು ಹುಳು ಕಂಡ ಕೂಡಲೇ ಪಂಪು ಎತ್ತುವುದೇ ವಿಜ್ಞಾನ ಎಂದಾಗುತ್ತದೆ. ಎಷ್ಟು ಗಿಡ ನೋಡಬೇಕು, ಎಲ್ಲೆಲ್ಲಿ ನೋಡಬೇಕು ಎಂಬುದು ಮಿತಿಯಷ್ಟೇ ಮುಖ್ಯ. ಕೀಟಗಳು ಹೊಲದಲ್ಲಿ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತವೆ. ಹೊಲದ ಐದು ಕಡೆ, ಒಂದೊಂದು ಕಡೆ ನಾಲ್ಕೈದು ಗಿಡ ಎಣಿಸಿ ಸರಾಸರಿ ತೆಗೆಯದ ಹೊರತು ಮಿತಿಯ ಮಾತಿಗೆ ಅರ್ಥವಿಲ್ಲ.

ಎಸೆದ ಬೀಜದ ಪೊಟ್ಟಣ

ಕಾರಣ ಹೇಳದ ಶಿಕ್ಷಣಕ್ಕೆ ನಮ್ಮ ದೇಶ ತೆತ್ತ ಬೆಲೆಗೆ ನಾಲ್ಕನೆಯ ಉದಾಹರಣೆ ಬಿಟಿ ಹತ್ತಿಯದು. ಕಾಯಿಕೊರಕಗಳನ್ನು ಕೊಲ್ಲುವ ಪ್ರೋಟೀನನ್ನು ತಾನೇ ತಯಾರಿಸುವ ಈ ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. ಎರಡು ವಂಶವಾಹಿಗಳಿರುವ ಹತ್ತಿ 2006ರಲ್ಲಿ ಬಂತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾಮಾನ್ಯ ಹತ್ತಿ ಬೀಜದ ಪುಟ್ಟ ಪೊಟ್ಟಣ ಇರುತ್ತಿತ್ತು. ಹೊಲದ ಶೇಕಡ 20 ಭಾಗದಲ್ಲಿ ಅಥವಾ ಸುತ್ತ ಐದು ಸಾಲುಗಳಲ್ಲಿ, ಯಾವುದು ಹೆಚ್ಚೋ ಅಷ್ಟರಲ್ಲಿ, ಅದನ್ನು ಬಿತ್ತಬೇಕು ಎಂಬುದು ನಿಯಮ. ಬಹುತೇಕ ರೈತರು ಬಿತ್ತಲಿಲ್ಲ. ಹುಳು ತಿನ್ನಲೆಂದೇ ಐದು ಸಾಲು ಬೆಳೆಯುವುದೆ? ಅದು ಹುಚ್ಚುತನವಾಗಿ ಕಂಡಿತು. ಹಾಗೆ ಕಾಣದಿರಲು ಬೇಕಾದ ವಿವರಣೆಯನ್ನು ಯಾರೂ ಮನಮುಟ್ಟುವಂತೆ ಕೊಡಲಿಲ್ಲ.

ವಿವರಣೆ ಹೀಗಿದೆ. ಬಿಟಿಯನ್ನು ತಡೆದುಕೊಳ್ಳುವ ಗುಣ ಕೊಡುವ ವಂಶವಾಹಿ ಸಾವಿರಕ್ಕೆ ಒಂದರಂತೆ ಇದೆ ಎಂದುಕೊಳ್ಳಿ. ಗುಣ ಸುಪ್ತವಾಗಿದ್ದರೆ, ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದ ಹುಳು ಮಾತ್ರ ಬದುಕುತ್ತದೆ. ಅಂಥದು ಹತ್ತು ಲಕ್ಷಕ್ಕೆ ಒಂದು. ಹೊಲವೆಲ್ಲ ಬಿಟಿಯೇ ಆದರೆ ಬದುಕುಳಿದ ಆ ಕೆಲವೇ ಪತಂಗಗಳು ತಮ್ಮತಮ್ಮೊಳಗೇ ಕೂಡುತ್ತವೆ, ಮರಿಗಳೆಲ್ಲ ನಿರೋಧಕವಾಗುತ್ತವೆ. ಪಕ್ಕದಲ್ಲಿ ಸಾಮಾನ್ಯ ಹತ್ತಿಯ ಸಾಲುಗಳಿದ್ದರೆ ಅಲ್ಲಿಂದ ಸಾವಿರಾರು ಸಾಮಾನ್ಯ ಪತಂಗಗಳು ಹೊರಬರುತ್ತವೆ. ನಿರೋಧಕ ಪತಂಗಕ್ಕೆ ಸಿಗುವ ಜೊತೆ ಬಹುತೇಕ ಸಾಮಾನ್ಯದ್ದೇ. ಅವುಗಳ ಮರಿಗಳಿಗೆ ಆ ವಂಶವಾಹಿಯ ಒಂದೇ ಪ್ರತಿ ದೊರೆತು ಬಿಟಿ ತಿಂದು ಸಾಯುತ್ತವೆ. ಆಶ್ರಯದ ಸಾಲುಗಳು ಇಡೀ ಊರಿನ ಹತ್ತಿಗೆ ಕಟ್ಟುವ ವಿಮಾ ಕಂತು. ಹೆಲಿಕೋವರ್ಪ ಕಾಯಿಕೊರಕಕ್ಕೆ ತೊಗರಿ, ಕಡಲೆ ಮುಂತಾದ ಬೇರೆ ಆಶ್ರಯಗಳುಂಟು. ಗುಲಾಬಿ ಕಾಯಿಕೊರಕ ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿದ ಕೀಟ. ಆದ್ದರಿಂದ ಅದರ ವಿಷಯದಲ್ಲಿ ಈ ಸಾಲುಗಳು ಇನ್ನೂ ಮುಖ್ಯವಾಗಿದ್ದವು.

ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಒಂದು ವಂಶವಾಹಿಯ ಬಿಟಿಗೆ ನಿರೋಧ ತೋರಿದೆ ಎಂದು ತಂತ್ರಜ್ಞಾನ ನೀಡಿದ ಕಂಪನಿಯೇ 2010ರಲ್ಲಿ ಪ್ರಕಟಿಸಿತು. ಆ ದಶಕದ ನಡುಭಾಗಕ್ಕೆ ಎರಡು ವಂಶವಾಹಿಗಳ ಹತ್ತಿಯಲ್ಲೂ ಅದು ಬದುಕತೊಡಗಿತು. ದೀರ್ಘಾವಧಿಯ ಹೈಬ್ರಿಡ್ ತಳಿಗಳು, ಬೇಸಗೆಯವರೆಗೂ ಹೊಲದಲ್ಲಿ ಉಳಿಸಿದ ಬೆಳೆ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಪೊಟ್ಟಣದ ಪಾಠ ನಿಚ್ಚಳ. ಆಜ್ಞೆಯಾಗಿ ಬಂದ ಸೂಚನೆಯನ್ನು ಪಾಲಿಸುವುದೂ ಬಿಡುವುದೂ ಅಂದಿನ ಮನಸ್ಸಿಗೆ ಸೇರಿದ್ದು. ಕಾರಣ ತಿಳಿದವನು ಬಿಡುವ ಮುನ್ನ ಎರಡು ಸಲ ಯೋಚಿಸುತ್ತಾನೆ, ನೆರೆಯವನೂ ಬಿತ್ತಿದ್ದಾನೆಯೇ ಎಂದು ಕೇಳುತ್ತಾನೆ. ನಂತರದ ವರ್ಷಗಳಲ್ಲಿ ಎರಡೂ ಬೀಜಗಳನ್ನು ಒಂದೇ ಚೀಲದಲ್ಲಿ ಬೆರೆಸಿ ಕೊಡುವ ವ್ಯವಸ್ಥೆ ಬಂತು. ರೈತನಿಗೆ ಅರ್ಥ ಮಾಡಿಸುವ ಗೋಜೇ ಬೇಡ ಎಂಬ ತೀರ್ಮಾನ ಅದರಲ್ಲಿ ಅಡಗಿದೆ ಎಂದು ನನಗನ್ನಿಸುತ್ತದೆ.

ಹೊಲವೇ ಶಾಲೆಯಾದಾಗ

ಬೇರೆ ದಾರಿ ಇಲ್ಲವೆ? ಇದೆ, ಅದನ್ನು ನಡೆದು ತೋರಿಸಿದವರೂ ಇದ್ದಾರೆ. 1980ರ ದಶಕದ ನಡುವೆ ಇಂಡೋನೇಷ್ಯದ ಭತ್ತದ ಗದ್ದೆಗಳನ್ನು ಕಂದು ಜಿಗಿಹುಳು ಹಾಳುಗೆಡವಿತು. ಸರ್ಕಾರ ಕೀಟನಾಶಕಗಳಿಗೆ ಧಾರಾಳ ಸಹಾಯಧನ ಕೊಡುತ್ತಿತ್ತು. ಸಿಂಪರಿಸಿದಷ್ಟೂ ಹುಳು ಹೆಚ್ಚಿತು. ಜಿಗಿಹುಳುವಿನ ಮೊಟ್ಟೆ ಎಲೆಯ ಕವಚದೊಳಗೆ ಭದ್ರವಾಗಿರುತ್ತದೆ, ವಿಷ ಅದನ್ನು ಮುಟ್ಟುವುದಿಲ್ಲ. ಹೊರಗೆ ಓಡಾಡುವ ಜೇಡ ಮತ್ತಿತರ ಪರಭಕ್ಷಕಗಳು ಮಾತ್ರ ಸಾಯುತ್ತವೆ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಶತ್ರುಗಳೇ ಇಲ್ಲದ ಗದ್ದೆ ಸಿಗುತ್ತದೆ. 1986ರಲ್ಲಿ ಅಧ್ಯಕ್ಷರ ಆದೇಶದಿಂದ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಲಾಯಿತು. ಮುಂದೆ ಸಹಾಯಧನವೂ ನಿಂತಿತು. ಅಕ್ಕಿಯ ಉತ್ಪಾದನೆ ಕುಸಿಯಲಿಲ್ಲ.

ಇದರ ಬೆನ್ನಿಗೇ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಬಿತ್ತನೆಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಇಪ್ಪತ್ತೈದು ಮೂವತ್ತು ರೈತರು ಗದ್ದೆಯಲ್ಲೇ ಸೇರುತ್ತಿದ್ದರು. ಗಿಡ ಎಣಿಸಿ, ಪೀಡೆ ಎಷ್ಟು, ಪರಭಕ್ಷಕ ಎಷ್ಟು ಎಂದು ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು, ಈ ವಾರ ಏನು ಮಾಡಬೇಕೆಂದು ತಾವೇ ವಾದಿಸಿ ತೀರ್ಮಾನಿಸುತ್ತಿದ್ದರು. ಎಲೆ ತಿನ್ನುವ ಹುಳುವಿನಿಂದ ಎಷ್ಟು ನಷ್ಟ ಎಂದು ತಿಳಿಯಲು ಕೆಲವು ಗಿಡಗಳ ಎಲೆಗಳನ್ನು ಕತ್ತರಿಯಿಂದ ತಾವೇ ಕತ್ತರಿಸಿ ಕೊನೆಗೆ ಇಳುವರಿ ತೂಗುತ್ತಿದ್ದರು. ಜೇಡವನ್ನೂ ಜಿಗಿಹುಳುವನ್ನೂ ಒಂದೇ ಬಲೆಗೂಡಿನಲ್ಲಿಟ್ಟು ಯಾವುದು ಯಾವುದನ್ನು ತಿನ್ನುತ್ತದೆ ಎಂದು ಕಣ್ಣಾರೆ ನೋಡುತ್ತಿದ್ದರು. ನಿಯಂತ್ರಿತ ಪ್ರಯೋಗ ಎಂದರೆ ಇದೇ ಅಲ್ಲವೆ?

ಭಾರತ 1985ರಲ್ಲೇ ಸಮಗ್ರ ಪೀಡೆ ನಿರ್ವಹಣೆಯನ್ನು ಸಸ್ಯ ಸಂರಕ್ಷಣೆಯ ನೀತಿಯಾಗಿ ಒಪ್ಪಿಕೊಂಡಿತ್ತು. ಕ್ಷೇತ್ರ ಪಾಠಶಾಲೆಗಳು ಇಲ್ಲಿಯೂ ಬಂದವು. ಎಲ್ಲವೂ ಸುಗಮ ಎಂದಲ್ಲ. ಗರ್ಷನ್ ಫೆಡರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಡೋನೇಷ್ಯದ ಪಾಠಶಾಲೆಗಳಲ್ಲಿ ಕಲಿತವರ ಇಳುವರಿಯಲ್ಲಾಗಲಿ ಕೀಟನಾಶಕದ ಬಳಕೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಲಿತವರಿಂದ ನೆರೆಯವರಿಗೂ ಅದು ಹರಡಲಿಲ್ಲ. ಈ ಟೀಕೆಯನ್ನು ಹಗುರವಾಗಿ ಕಾಣಬಾರದು. ನೋಡಿ, ಎಣಿಸಿ ಕಲಿತದ್ದು ಕೇಳಿದ ಮಾತಿನಂತೆ ಬಾಯಿಂದ ಬಾಯಿಗೆ ಹರಡುವುದಿಲ್ಲ. ಈಜು ಕಲಿತವನ ನೆರೆಮನೆಯವನಿಗೆ ಈಜು ಬರುವುದೆ? ಹಾಗಾದರೆ ಲಕ್ಷಾಂತರ ಜನರಿಗೆ ಅದನ್ನು ಕಲಿಸುವುದು ಎಲ್ಲಿ? ನನ್ನ ಉತ್ತರ: ನಮ್ಮ ಶಾಲೆ, ಕಾಲೇಜುಗಳಲ್ಲಿ.

ಸುಲಭ ಉತ್ತರವೇ ಸಾಕೆ?

ಇಷ್ಟೆಲ್ಲ ಲೆಕ್ಕ ರೈತರಿಗೆ ಬೇಡ, ಅವರಿಗೆ ಸುಲಭವಾದ ಒಂದು ಉತ್ತರ ಸಾಕು ಎನ್ನುವವರಿದ್ದಾರೆ. ಈ ಮಾತು ರೈತರನ್ನು ಕಡೆಗಣಿಸುತ್ತದೆ. ರಾಗಿಯ ನಡುವೆ ಎಷ್ಟು ಸಾಲಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬರಬೇಕೆಂದು ನಿರ್ಧರಿಸಿದವರು, ಕೂರಿಗೆಯ ತಾಳಿನ ಅಂತರವನ್ನು ಬೆಳೆಗೆ ತಕ್ಕಂತೆ ಹೊಂದಿಸಿದವರು, ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವವರು ಅವರೇ. ಅಳತೆ ಅವರಿಗೆ ಹೊಸದಲ್ಲ.

ಸುಲಭ ಉತ್ತರಕ್ಕೆ ಇನ್ನೊಂದು ತೊಂದರೆ ಇದೆ. ಅದನ್ನು ಮಾರುವವರು ಬೇರೆಯವರಿದ್ದಾರೆ. ರಾಷ್ಟ್ರೀಯ ಮಾದರಿ ಸಮೀಕ್ಷೆ 2003ರಲ್ಲಿ ರೈತ ಕುಟುಂಬಗಳನ್ನು ವಿಚಾರಿಸಿದಾಗ ಯಾವುದಾದರೂ ಮೂಲದಿಂದ ತಾಂತ್ರಿಕ ಮಾಹಿತಿ ಪಡೆದವು ಶೇಕಡ 40 ಮಾತ್ರ. ಗೊಬ್ಬರ, ಕೀಟನಾಶಕ ಮಾರುವವರಿಂದ ಪಡೆದವು ಶೇಕಡ 13.1, ವಿಸ್ತರಣಾ ಕಾರ್ಯಕರ್ತರಿಂದ ಶೇಕಡ 5.7. ಬರಿಯ ಹೆಸರು ಮತ್ತು ಪ್ರಮಾಣವೇ ಶಿಕ್ಷಣವಾದರೆ ಅಂಗಡಿಯವರು ಅದನ್ನು ಇಲಾಖೆಗಿಂತ ಬೇಗ ಕೊಡುತ್ತಾರೆ. ಇಂದು ಸಿಂಪರಿಸಬೇಕಾಗಿಲ್ಲ ಎಂಬ ಉತ್ತರ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಎಣಿಸಲು ಬಲ್ಲವನಿಗೆ ಮಾತ್ರ ಸಿಗುತ್ತದೆ.

ಉತ್ತರದ ಪಟ್ಟಿ ಹಳತಾಗುತ್ತದೆ ಎಂಬುದೂ ನೆನಪಿರಲಿ. 2011ರಲ್ಲಿ ಎಂಡೋಸಲ್ಫಾನ್ ನಿಂತಿತು. 2018ರಲ್ಲಿ ಒಮ್ಮೆಗೇ 18 ಕೀಟನಾಶಕಗಳ ಮೇಲೆ ನಿಷೇಧದ ಆದೇಶ ಬಂತು. ಅದಕ್ಕಿಂತ ಹಳೆಯ ಕೈಪಿಡಿಯ ಎಷ್ಟೋ ಸಾಲುಗಳು ಆಗಲೇ ರದ್ದಾದವು. ಅದೇ 2018ರ ಮೇ ತಿಂಗಳಲ್ಲಿ, ಭಾರತದಲ್ಲಿ ಅದುವರೆಗೆ ಇರದಿದ್ದ ಫಾಲ್ ಸೈನಿಕ ಹುಳು ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಮೊದಲು ಕಾಣಿಸಿತು. ಯಾವ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ತಲೆಯ ಮೇಲಿನ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂತಹ ಗೆರೆ, ಬಾಲದ ಬಳಿ ಚೌಕವಾಗಿ ನಿಂತ ನಾಲ್ಕು ಚುಕ್ಕೆ ನೋಡಿ ಅದನ್ನು ಬೇರೆ ಹುಳುವಿನಿಂದ ವಿಂಗಡಿಸಬೇಕು. ಹುಳು ಸುಳಿಯೊಳಗೆ ಅಡಗುತ್ತದೆ, ಆದ್ದರಿಂದ ಹೊರ ಎಲೆಯ ಮೇಲೆ ಬಿದ್ದ ಹನಿ ವ್ಯರ್ಥ ಎಂದು ಊಹಿಸಬೇಕು. ನೋಡಲು ಕಲಿತವರಿಗೆ ಹೊಸ ಪೀಡೆಯೂ ಓದಬಹುದಾದ ಪುಟ.

ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ

ಇದನ್ನು ಓದುತ್ತಿರುವ ನೀವು ಬಹುಪಾಲು ವಿಜ್ಞಾನ ಕಲಿಸುವವರು ಅಥವಾ ಕಲಿಯುವವರು. ನಿಮ್ಮ ಶಾಲೆಯ ಅನೇಕ ಮಕ್ಕಳ ಮನೆಯಲ್ಲಿ ಹೊಲವಿದೆ. ಪಠ್ಯಕ್ಕೆ ಹೊರತಾದ ಹೊಸ ಯೋಜನೆ ಯಾವುದೂ ಬೇಕಿಲ್ಲ. ಇರುವ ಪಾಠಗಳಿಗೇ ಇವನ್ನು ಸೇರಿಸಿಕೊಳ್ಳಬಹುದು.

ಹರಿವಿನ ದರ ಕಲಿಸುವಾಗ ಕೀಟನಾಶಕಕ್ಕೆ ಎಂದೂ ಬಳಸದ ಹೊಸ ಸ್ಪ್ರೇಯರಿಗೆ ಬರಿಯ ನೀರು ತುಂಬಿ ಒಂದು ನಿಮಿಷ ಅಳತೆಯ ಜಾಡಿಗೆ ಹಿಡಿಯಿರಿ. ಮೈದಾನದಲ್ಲಿ ನಡೆದು ವೇಗ ಅಳೆಯಿರಿ. ಎಕರೆಗೆ ಎಷ್ಟು ಲೀಟರು ಎಂದು ಮಕ್ಕಳೇ ಲೆಕ್ಕ ಮಾಡಲಿ. ಬಳಸಿದ ಸ್ಪ್ರೇಯರನ್ನು ಮಾತ್ರ ಶಾಲೆಗೆ ತರಿಸಬೇಡಿ. ಶೇಕಡಾ ಲೆಕ್ಕ ಕಲಿಸುವಾಗ ಗೊಬ್ಬರದ ಚೀಲದ ಮೇಲಿನ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಸರಾಸರಿ ಕಲಿಸುವಾಗ ಶಾಲೆಯ ಅವರೆ ಬಳ್ಳಿಯ ಇಪ್ಪತ್ತು ಕುಡಿಗಳಲ್ಲಿ ಸಸ್ಯಹೇನು ಎಷ್ಟು, ಗುಲಗಂಜಿ ಹುಳು ಎಷ್ಟು ಎಂದು ವಾರಕ್ಕೊಮ್ಮೆ ಎಣಿಸಿ ನಕ್ಷೆ ಬರೆಸಿ. ಮೂರು ನಾಲ್ಕು ವಾರಗಳಲ್ಲಿ ಎರಡು ಗೆರೆಗಳ ನಡುವಿನ ನಂಟು ಮಕ್ಕಳಿಗೆ ತಾನಾಗಿ ಕಾಣತೊಡಗುತ್ತದೆ.

ಕೊನೆಯದಾಗಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ ಒಂದು ಮಡಿಕೆಪತ್ರ ತಂದು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ನಾಲ್ಕು ಪ್ರಶ್ನೆ ಕೇಳಿ: ಇಲ್ಲಿನ ಅಳತೆ ನಮ್ಮ ಹೊಲದ ಅಳತೆಗೆ ಬಂದಿದೆಯೆ? ಎಷ್ಟು ಎಂಬುದರ ಜೊತೆ ಯಾವಾಗ ಎಂದು ಹೇಳಿದೆಯೆ? ಏಕೆ ಎಂದು ಹೇಳಿದೆಯೆ? ಸಿಂಪರಿಸದೆ ಇರಬಹುದಾದ ಸಂದರ್ಭ ಯಾವುದೆಂದು ಹೇಳಿದೆಯೆ? ಉತ್ತರ ಇಲ್ಲ ಎಂದು ಬಂದಲ್ಲಿ ಮಕ್ಕಳೇ ಆ ಪುಟವನ್ನು ತಿದ್ದಿ ಬರೆಯಲಿ. ಬರೆದದ್ದರ ಒಂದು ಪ್ರತಿಯನ್ನು ಪ್ರಕಟಿಸಿದ ಸಂಸ್ಥೆಗೆ ಕಳಿಸಿ. ಓದುಗರು ತಮ್ಮ ಪುಸ್ತಿಕೆಯನ್ನು ಇಷ್ಟು ಗಮನವಿಟ್ಟು ಓದುತ್ತಾರೆಂದು ತಿಳಿದರೆ ಮುಂದಿನ ಮುದ್ರಣವನ್ನು ಬರೆಯುವವರೂ ಒಂದು ಲೆಕ್ಕವನ್ನು ಮಾಡಿ ತೋರಿಸಿಯಾರು.